ಇಳಿಜಾರು ನೆಲದಲ್ಲಿ ಟ್ರಾಕ್ಟರ್ ಸ್ಕ್ರೇಪರ್: ಕೊಡಗಿನ ಮಣ್ಣು ಕೆಲಸಕ್ಕೊಂದು ಮಾರ್ಗದರ್ಶಿ

ಕೊಡಗಿನಲ್ಲಿ ಸಮತಟ್ಟಾದ ನೆಲವೆಂದರೆ ಬಹುಮಟ್ಟಿಗೆ ಗದ್ದೆಯೇ. ಮನೆ, ಕಾಫಿ ಕಣ, ಗೋದಾಮು, ಶಾಲೆಯ ಆಟದ ಮೈದಾನ ಇವುಗಳಿಗೆ ಬೇಕಾದ ಮಟ್ಟವನ್ನು ಬಾಣೆಯ (ಗದ್ದೆಗೆ ಹೊಂದಿದ ಎತ್ತರದ ನೆಲದ) ಇಳಿಜಾರಿನಿಂದ ಕಡಿದೇ ಪಡೆಯಬೇಕಾಗುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಜೆಸಿಬಿ ಅಥವಾ ಹಿಟಾಚಿಯನ್ನೂ, ಮಣ್ಣು ಸಾಗಿಸಲು ಟಿಪ್ಪರುಗಳನ್ನೂ ಕರೆಸುತ್ತಾರೆ. ಆದರೆ ಜಾಗ ಸ್ವಲ್ಪ ದೊಡ್ಡದಾಗಿದ್ದು, ಇಳಿಜಾರು ಸೌಮ್ಯವಾಗಿದ್ದು, ಒಂದು ಬದಿಯ ಮಣ್ಣನ್ನು ತೆಗೆದು ಅದೇ ಜಾಗದ ಇನ್ನೊಂದು ಬದಿಗೆ ಹಾಸಬೇಕಾದ ಸಂದರ್ಭದಲ್ಲಿ, ಟ್ರಾಕ್ಟರಿಗೆ ಹೂಡಿ ಎಳೆಯುವ ಸ್ಕ್ರೇಪರ್ ಅಗೆತ, ಸಾಗಣೆ, ಹಾಸುವಿಕೆ ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ.

ಸ್ಕ್ರೇಪರಿಗೆ ತನ್ನದೇ ಎಂಜಿನ್ ಇರುವುದಿಲ್ಲ. ಎರಡು ಚಕ್ರಗಳ ಮೇಲೆ ಕುಳಿತ, ಮಣ್ಣು ತುಂಬಿಕೊಳ್ಳುವ ಬೌಲ್, ಅದರ ಮುಂದಿನ ಅಂಚಿನಲ್ಲಿ ನೆಲವನ್ನು ಹೆರೆಯುವ ಬ್ಲೇಡ್, ತುಂಬಿದ ಮಣ್ಣು ಚೆಲ್ಲದಂತೆ ಮುಚ್ಚುವ ಏಪ್ರನ್, ಮಣ್ಣನ್ನು ಹಿಂದಿನಿಂದ ಮುಂದಕ್ಕೆ ದೂಡಿ ಹೊರಹಾಕುವ ಎಜೆಕ್ಟರ್, ಟ್ರಾಕ್ಟರಿಗೆ ಸೇರಿಸುವ ಉದ್ದನೆಯ ಮೂಕಿ, ಇಷ್ಟೇ ಅದರ ಮುಖ್ಯ ಭಾಗಗಳು. ಸಣ್ಣ ಸ್ಕ್ರೇಪರುಗಳಲ್ಲಿ ಏಪ್ರನ್ ಅಥವಾ ಎಜೆಕ್ಟರ್ ಇಲ್ಲದೆ ಬೌಲನ್ನೇ ಬಗ್ಗಿಸಿ ಮಣ್ಣು ಸುರಿಯುವ ವ್ಯವಸ್ಥೆಯೂ ಇರುತ್ತದೆ. ಯಾವ ಬಗೆಯದಾದರೂ ಒಂದು ಸಂಗತಿ ಬದಲಾಗದು: ಏರಿನಲ್ಲಿ ಟ್ರಾಕ್ಟರ್ ಸ್ಕ್ರೇಪರನ್ನು ಎಳೆಯುತ್ತದೆ, ಇಳಿಜಾರಿನಲ್ಲಿ ಸ್ಕ್ರೇಪರ್ ಟ್ರಾಕ್ಟರನ್ನು ದೂಡುತ್ತದೆ. ಬಯಲು ಸೀಮೆಯಲ್ಲಿ ಈ ಎರಡನೆಯ ಸ್ಥಿತಿ ಅಪರೂಪ. ನಮ್ಮ ನೆಲದಲ್ಲಿ ಅದು ಪ್ರತಿ ಸುತ್ತಿನಲ್ಲೂ ಬರುತ್ತದೆ. ಮುಂದೆ ಹೇಳುವ ಬಹುತೇಕ ಎಚ್ಚರಿಕೆಗಳು ಹುಟ್ಟುವುದು ಇಲ್ಲಿಂದಲೇ.

ಯಾವ ನೆಲಕ್ಕೆ ಹೊಂದುತ್ತದೆ, ಯಾವುದಕ್ಕೆ ಬೇಡ

ಕುಶಾಲನಗರದಿಂದ ಶಿರಂಗಾಲದವರೆಗಿನ ಬಯಲು, ಪೊನ್ನಂಪೇಟೆ ಮತ್ತು ಗೋಣಿಕೊಪ್ಪ ಸುತ್ತಿನ ತಗ್ಗಾದ ಬಾಣೆಗಳು ಸ್ಕ್ರೇಪರಿಗೆ ಒಗ್ಗುವ ಜಾಗಗಳು. ಮಡಿಕೇರಿ, ಮಾದಾಪುರ, ಗಾಳಿಬೀಡು ಕಡೆಯ ಕಡಿದಾದ ಗುಡ್ಡಗಳಲ್ಲಿ ಈ ಯಂತ್ರವನ್ನು ಇಳಿಸಬಾರದು. ಚಕ್ರದ ಟ್ರಾಕ್ಟರ್ ಬಳಸುವಾಗ 100 ಮೀಟರಿಗೆ 10 ಮೀಟರಿಗಿಂತ ಹೆಚ್ಚು ಇಳಿಯುವ ನೆಲದಲ್ಲಿ ಸ್ಕ್ರೇಪರ್ ಕೆಲಸ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ; ಯಂತ್ರದ ಕೈಪಿಡಿ ಇದಕ್ಕಿಂತ ಕಡಿಮೆ ಮಿತಿಯನ್ನು ಹೇಳಿದ್ದರೆ ಅದನ್ನೇ ಅಂತಿಮವೆಂದು ಇಟ್ಟುಕೊಳ್ಳಬೇಕು. ಬಂಡೆ ತಲೆಯೆತ್ತಿದ ನೆಲ, ಮರದ ಬುಡ ಉಳಿದ ನೆಲ, ಒರತೆ ಇರುವ ಜಾಗ ಮತ್ತು ಕೆಸರು ಆರದ ಹಳೆಯ ಗದ್ದೆಯೂ ಇದಕ್ಕೆ ಸಲ್ಲವು. ಸಾಗಣೆಯ ದೂರ ಸುಮಾರು 50 ಮೀಟರಿನಿಂದ 300 ಮೀಟರಿನೊಳಗಿದ್ದರೆ ಸ್ಕ್ರೇಪರ್ ಲಾಭದಾಯಕ. ಅದಕ್ಕಿಂತ ಹತ್ತಿರವಾದರೆ ಡೋಜರ್ ದೂಡುವುದೇ ಅಗ್ಗ, ಬಹಳ ದೂರವಾದರೆ ಟಿಪ್ಪರ್ ಮೇಲು.

2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಜರಿದುದನ್ನು ನಾವು ಕಂಡಿದ್ದೇವೆ. ಅತಿಯಾದ ಮಳೆ ಅದಕ್ಕೆ ತಕ್ಷಣದ ಕಾರಣವಾದರೂ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರನ್ನು ನೆಟ್ಟಗೆ ಕಡಿದದ್ದು ಮತ್ತು ನೀರಿನ ಸಹಜ ದಾರಿಗಳನ್ನು ಕೆಡಿಸಿದ್ದು ನೆಲವನ್ನು ದುರ್ಬಲಗೊಳಿಸಿತ್ತೆಂದು ಭೂವಿಜ್ಞಾನಿಗಳು ತಿಳಿಸಿದ್ದರು. ಆದ್ದರಿಂದ ಇಲ್ಲಿ ಮಣ್ಣು ಕೆಲಸಕ್ಕೆ ಕೈ ಹಾಕುವವರು ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟು ಮಣ್ಣು ತೆಗೆಯಬೇಕೆಂಬುದನ್ನಲ್ಲ, ತೆಗೆದ ಮೇಲೆ ಮೇಲಿನ ಬರೆ (ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಹೇಗೆ ನಿಲ್ಲುತ್ತದೆ ಮತ್ತು ಮಳೆಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಬರೆಯ ಎತ್ತರ ಆಳುದ್ದ ಮೀರುವುದಾದರೆ ಅದನ್ನು ಎಷ್ಟು ಓರೆಯಾಗಿ ಬಿಡಬೇಕು, ಮೆಟ್ಟಿಲು ಹಾಕಬೇಕೇ, ತಡೆಗೋಡೆ ಬೇಕೇ ಎಂಬುದನ್ನು ಎಂಜಿನಿಯರ್ ತೀರ್ಮಾನಿಸಬೇಕೇ ಹೊರತು ಆಪರೇಟರ್ ಸ್ಥಳದಲ್ಲಿ ಊಹಿಸಬಾರದು.

ಯಂತ್ರ ಬರುವ ಮುನ್ನ

ಜಾಗವನ್ನು ಕಾಲ್ನಡಿಗೆಯಲ್ಲಿ ಪೂರ್ತಿ ಸುತ್ತಬೇಕು. ತೋಟದ ಅಂಚಿನ ಜಾಗಗಳಲ್ಲಿ ಸ್ಪ್ರಿಂಕ್ಲರಿನ ಮುಖ್ಯ ಪೈಪು ನೆಲದೊಳಗೆ ಹಾದುಹೋಗಿರುವುದು ಸಾಮಾನ್ಯ. ಅದನ್ನು ಹಾಕಿಸಿದವರನ್ನೋ ತೋಟದ ಲೆಕ್ಕಪತ್ರ ನೋಡುವ ಹಳೆಯ ರೈಟರನ್ನೋ ಕೇಳಿ, ಸಂಶಯವಿರುವಲ್ಲಿ ಕೈಯಿಂದ ಗುಂಡಿ ತೋಡಿ ನೋಡಿ, ದಾರಿಯುದ್ದಕ್ಕೂ ಗುರುತು ಹಾಕಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಹೊತ್ತಿಗೆ ಆ ಪೈಪು ಒಡೆದರೆ ಆಗುವ ನಷ್ಟ ಮಣ್ಣು ಕೆಲಸದ ಖರ್ಚನ್ನೇ ಮೀರಬಹುದು. ತಲೆಯ ಮೇಲಿನ ವಿದ್ಯುತ್ ತಂತಿಗಳು, ಲೈನ್ ಮನೆಗಳಿಂದ ಕೆಲಸಗಾರರು ನಡೆದು ಬರುವ ಕಾಲುದಾರಿ, ಪಕ್ಕದವರ ತೋಡು (ಸಣ್ಣ ಹಳ್ಳ), ಇವೆಲ್ಲ ನಕ್ಷೆಯಲ್ಲಿ ಬರಬೇಕು. ತೆಗೆದ ಮಣ್ಣನ್ನು ತೋಡಿಗೆ ಅಥವಾ ಕೆಳಗಿನವರ ಗದ್ದೆಯ ಕಡೆಗೆ ದೂಡುವುದು ಯಾವ ಕಾರಣಕ್ಕೂ ಕೂಡದು. ಮರ ಕಡಿಯಲು ಮತ್ತು ಭೂಮಿಯ ಬಳಕೆ ಬದಲಿಸಲು ಬೇಕಾದ ಅನುಮತಿಗಳನ್ನು ಕೆಲಸ ಶುರುವಾಗುವ ಮುನ್ನವೇ ಪಡೆದಿರಬೇಕು.

ಮರದ ಬುಡಗಳನ್ನು ಹಿಟಾಚಿಯಿಂದ ಬೇರುಸಹಿತ ಕೀಳಿಸಿ, ಆ ಗುಂಡಿಗಳನ್ನು ಪದರ ಪದರವಾಗಿ ಮಣ್ಣು ತುಂಬಿ ಗಟ್ಟಿಗೊಳಿಸಬೇಕು. ಮೇಲಷ್ಟೇ ಮಣ್ಣೆಳೆದು ಮುಚ್ಚಿದ ಗುಂಡಿಯಲ್ಲಿ ತುಂಬಿದ ಸ್ಕ್ರೇಪರಿನ ಒಂದು ಚಕ್ರ ಇಳಿದರೆ ಅಡ್ಡ ಬೀಳಲು ಅಷ್ಟೇ ಸಾಕು. ಎಲೆಗೊಬ್ಬರ ಬೆರೆತ ಕಪ್ಪು ಮೇಲ್ಮಣ್ಣನ್ನು ಮೊದಲೇ 10ರಿಂದ 15 ಸೆಂಟಿಮೀಟರಿನಷ್ಟು ಹೆರೆದು ಬೇರೆಯಾಗಿ ರಾಶಿ ಹಾಕಬೇಕು. ಅದು ತುಂಬುವ ಮಣ್ಣಾಗಿ ನಿಲ್ಲದು, ಕೊಳೆತು ಕುಸಿಯುತ್ತದೆ. ತೋಟಕ್ಕಾದರೆ ಅದಕ್ಕಿಂತ ಒಳ್ಳೆಯ ಮಣ್ಣು ಬೇರಿಲ್ಲ.

ಕೆಲಸದ ಕಾಲ ಡಿಸೆಂಬರಿನಿಂದ ಏಪ್ರಿಲ್ ನಡುವೆ. ಆದರೆ ಅದೇ ಕಾಫಿ ಕೊಯ್ಲಿನ ಕಾಲವೂ ಹೌದು. ಪಕ್ಕದ ಕಣದಲ್ಲಿ ಕಾಫಿ ಒಣಗುತ್ತಿದ್ದರೆ ಸಾಗಣೆಯ ದಾರಿಗೆ ದಿನಕ್ಕೆರಡು ಬಾರಿಯಾದರೂ ನೀರು ಚಿಮುಕಿಸಿ ದೂಳನ್ನು ಅಡಗಿಸಬೇಕು. ಬೆಳಗಿನ ಮಂಜು ಪೂರ್ತಿ ಕರಗಿ ಜಾಗದ ಈ ತುದಿಯಿಂದ ಆ ತುದಿಯ ಗೂಟ ಕಾಣುವವರೆಗೆ ಯಂತ್ರ ಓಡಿಸಬಾರದು. ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಲ್ಲಿ ಮುಂಜಾನೆಯ ಹೊತ್ತು ಆನೆ ಇದೆಯೇ ಎಂದು ವಿಚಾರಿಸಿಕೊಂಡೇ ಕೆಲಸಗಾರರನ್ನು ಒಳಗೆ ಬಿಡುವುದು ರೂಢಿ. ಆಪರೇಟರಿಗೂ ಅದು ಅನ್ವಯಿಸುತ್ತದೆ.

ಗೂಟ ಮತ್ತು ಲೆಕ್ಕ

ನಿಖರತೆ ಬ್ಲೇಡಿನಲ್ಲಿಲ್ಲ, ಗೂಟದಲ್ಲಿದೆ. ಕೆಲಸದಿಂದ ಅಲುಗಾಡದ ಒಂದು ಸ್ಥಿರ ಬಿಂದುವನ್ನು, ಹಳೆಯ ಕಟ್ಟಡದ ಮೆಟ್ಟಿಲನ್ನೋ ಕಾಂಕ್ರೀಟಿನಲ್ಲಿ ಹೂತ ಕಬ್ಬಿಣದ ಸರಳನ್ನೋ, ಆಧಾರ ಮಟ್ಟವಾಗಿ ಆರಿಸಿಕೊಳ್ಳಬೇಕು. ಜಾಗವನ್ನು 10 ಮೀಟರ್ ಚೌಕಗಳಾಗಿ ಭಾಗಿಸಿ, ಪ್ರತಿ ಮೂಲೆಯ ಮಟ್ಟವನ್ನು ಆಟೋ ಲೆವೆಲ್ ಎಂಬ ಮಟ್ಟ ಅಳೆಯುವ ಉಪಕರಣದಿಂದ ಓದಿ, ಎಷ್ಟು ಕಡಿಯಬೇಕು ಅಥವಾ ಎಷ್ಟು ತುಂಬಬೇಕು ಎಂಬುದನ್ನು ಗೂಟದ ಮೇಲೆ ಸೆಂಟಿಮೀಟರಿನಲ್ಲಿ ಬರೆಯಬೇಕು. ಕಡಿಯುವ ಗೂಟಕ್ಕೆ ಒಂದು ಬಣ್ಣ, ತುಂಬುವ ಗೂಟಕ್ಕೆ ಇನ್ನೊಂದು ಬಣ್ಣ ಹಚ್ಚಿದರೆ ಆಪರೇಟರ್ ಸೀಟಿನಿಂದಲೇ ತಿಳಿದುಕೊಳ್ಳಬಲ್ಲ. ಒಳಗಿನ ಗೂಟಗಳು ಯಂತ್ರಕ್ಕೆ ಸಿಕ್ಕಿ ಹೋಗುವುದು ಖಂಡಿತ. ಆದ್ದರಿಂದ ಜಾಗದ ಹೊರಗೆ ಎರಡು ಮೂರು ಮೀಟರ್ ಬಿಟ್ಟು ಅದೇ ಸಾಲಿನಲ್ಲಿ ಕಾವಲು ಗೂಟಗಳನ್ನು ನೆಟ್ಟಿರಬೇಕು.

ಉದಾಹರಣೆಗೆ ಹಾಕಿ ಮೈದಾನವನ್ನೇ ತೆಗೆದುಕೊಳ್ಳೋಣ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಉತ್ಸವ ಆರಂಭವಾದಂದಿನಿಂದ ಜಿಲ್ಲೆಯ ಅನೇಕ ಊರುಗಳಲ್ಲಿ ಮೈದಾನ ಮಟ್ಟ ಮಾಡುವ ಕೆಲಸ ಪರಿಚಿತವೇ. ಹಾಕಿ ಅಂಗಳದ ಅಳತೆ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಸುತ್ತ ಓಡಾಟಕ್ಕೆ ಜಾಗ ಸೇರಿಸಿ 100 ಮೀಟರ್ ಉದ್ದ, 60 ಮೀಟರ್ ಅಗಲದ ನೆಲ ಎಂದಿಟ್ಟುಕೊಳ್ಳೋಣ. ಮೇಲ್ಮಣ್ಣು ತೆಗೆದ ನಂತರ ಅರ್ಧ ಭಾಗದಲ್ಲಿ, ಅಂದರೆ 3000 ಚದರ ಮೀಟರಿನಲ್ಲಿ, ಸರಾಸರಿ 25 ಸೆಂಟಿಮೀಟರ್ ಕಡಿದು ಉಳಿದರ್ಧಕ್ಕೆ ತುಂಬಬೇಕಾಗಿದೆ. ಕಡಿತ 750 ಘನ ಮೀಟರ್. ನಮ್ಮ ಜೇಡಿ ಬೆರೆತ ಕೆಂಪು ಮಣ್ಣು ಅಗೆದಾಗ ಸುಮಾರು ಕಾಲು ಭಾಗ ಉಬ್ಬುತ್ತದೆ ಎಂದುಕೊಂಡರೆ ಸಾಗಿಸಬೇಕಾದ ಸಡಿಲ ಮಣ್ಣು ಸುಮಾರು 940 ಘನ ಮೀಟರ್, 2 ಘನ ಮೀಟರ್ ಹಿಡಿಯುವ ಬೌಲಿಗೆ ಸುಮಾರು 470 ಸುತ್ತು. ಒಂದು ಸುತ್ತಿಗೆ 5 ನಿಮಿಷವಾದರೆ ಒಟ್ಟು 39 ಗಂಟೆಗಳ ಯಂತ್ರದ ಕೆಲಸ. ಬಾಡಿಗೆ ಮಾತನಾಡುವ ಮುನ್ನ ಇಷ್ಟು ಲೆಕ್ಕ ಎರಡೂ ಕಡೆಯವರ ಕೈಯಲ್ಲಿರಬೇಕು.

ಇನ್ನೊಂದು ಸೂಕ್ಷ್ಮವನ್ನು ಹಲವರು ಮರೆಯುತ್ತಾರೆ. ಅದೇ ಮಣ್ಣನ್ನು ತುಂಬಿ ರೋಲರಿನಿಂದ ಗಟ್ಟಿಗೊಳಿಸಿದಾಗ ಅದು ಮೊದಲಿದ್ದುದಕ್ಕಿಂತಲೂ ಕುಗ್ಗುತ್ತದೆ. ಹತ್ತನೆಯ ಒಂದು ಭಾಗ ಕುಗ್ಗಿದರೆ 750 ಘನ ಮೀಟರ್ ಕಡಿತದಿಂದ ಸಿಗುವ ತುಂಬುವಿಕೆ 675 ಮಾತ್ರ. ಕೊನೆಯಲ್ಲಿ 75 ಘನ ಮೀಟರ್ ಕೊರತೆ ಬೀಳುತ್ತದೆ. ಮೈದಾನದ ಇಡೀ ಮಟ್ಟವನ್ನು ನಕ್ಷೆಯಲ್ಲೇ ಸುಮಾರು 1.3 ಸೆಂಟಿಮೀಟರ್ ಕೆಳಗಿಳಿಸಿದರೆ ಕಡಿತ ಹೆಚ್ಚಿ, ತುಂಬುವಿಕೆ ತಗ್ಗಿ, ಲೆಕ್ಕ ಸರಿಹೋಗುತ್ತದೆ. ಅಷ್ಟನ್ನು ಮೊದಲೇ ಮಾಡದಿದ್ದರೆ ಹೊರಗಿನಿಂದ ಮಣ್ಣು ತರಿಸಬೇಕಾಗುತ್ತದೆ, ಇಲ್ಲವೇ ಮೇಲಿನ ಬರೆಯನ್ನು ಮತ್ತೆ ಕೆರೆಯುವ ಆಸೆ ಹುಟ್ಟುತ್ತದೆ. ಎರಡನೆಯದು ಅಪಾಯದ ಆಸೆ.

ಹೂಡುವಾಗ ನೋಡಬೇಕಾದದ್ದು

2 ಘನ ಮೀಟರ್ ಸಡಿಲ ಮಣ್ಣಿನ ತೂಕ ಸುಮಾರು 2.8 ಟನ್, ಸ್ಕ್ರೇಪರಿನ ಸ್ವಂತ ತೂಕ ಸೇರಿದರೆ ಅದು 4 ಟನ್ನಿನ ಹತ್ತಿರ ಬರಬಹುದು. ಮುಂದೆ ಇರುವ 50–55 ಅಶ್ವಶಕ್ತಿಯ ಟ್ರಾಕ್ಟರ್ ತೂಗುವುದು 2 ಟನ್ನಿಗಿಂತ ತುಸು ಹೆಚ್ಚು, ಅಷ್ಟೇ. ಹೀಗಾಗಿ ಮೂಕಿಯನ್ನು ಟ್ರಾಕ್ಟರಿನ ಹಿಂಬದಿಯ ತಗ್ಗಿನಲ್ಲಿರುವ ಎಳೆಯುವ ಪಟ್ಟಿಗೇ (ಡ್ರಾಬಾರ್) ಜೋಡಿಸಬೇಕು. ಹಿಂದಿನ ಆಕ್ಸಲಿಗಿಂತ ಎತ್ತರದ ಯಾವುದೇ ಜಾಗಕ್ಕೆ ಕಟ್ಟಿ ಎಳೆದರೆ ಮುಂದಿನ ಚಕ್ರಗಳು ಎದ್ದು ಟ್ರಾಕ್ಟರ್ ಹಿಮ್ಮಗುಚುತ್ತದೆ. ಪಿನ್ನಿಗೆ ಲಾಕ್ ಇರಬೇಕು, ಜೊತೆಗೆ ಸುರಕ್ಷತಾ ಸರಪಳಿ ಇರಬೇಕು. ಮುಂದಿನ ತುದಿಗೆ ತೂಕದ ಬಿಲ್ಲೆಗಳನ್ನು ಹಾಕಬೇಕು. ಉರುಳಿದರೂ ಆಪರೇಟರನ್ನು ಕಾಪಾಡುವ ಕಬ್ಬಿಣದ ಚೌಕಟ್ಟು ಮತ್ತು ಸೀಟ್ ಬೆಲ್ಟ್ ಇಲ್ಲದ ಟ್ರಾಕ್ಟರನ್ನು ಈ ಕೆಲಸಕ್ಕೆ ಒಪ್ಪಿಕೊಳ್ಳಲೇಬಾರದು, ಮತ್ತು ಚೌಕಟ್ಟಿದ್ದೂ ಬೆಲ್ಟ್ ಕಟ್ಟದಿದ್ದರೆ ಚೌಕಟ್ಟಿನ ಪ್ರಯೋಜನ ಸಿಗುವುದಿಲ್ಲ. ಎಡ ಬಲ ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಲಾಕ್ ಮಾಡಿರಬೇಕು. ಒಂದೇ ಚಕ್ರಕ್ಕೆ ಬ್ರೇಕ್ ಬಿದ್ದರೆ ಹಿಂದಿನ ಭಾರ ಟ್ರಾಕ್ಟರನ್ನು ತಿರುಗಿಸಿಬಿಡುತ್ತದೆ.

ಹೈಡ್ರಾಲಿಕ್ ಹೋಸ್ ಸೋರುತ್ತಿದೆಯೇ ಎಂದು ನೋಡಲು ಕೈ ಹಿಡಿಯಬಾರದು. ಸೂಜಿಯ ಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎತ್ತಿದ ಬೌಲಿನ ಕೆಳಗೆ ಹೋಗಿ ಬ್ಲೇಡಿನ ಬೋಲ್ಟ್ ಬಿಗಿಯುವವರು ಬೌಲಿಗೆ ಗಟ್ಟಿಮರದ ದಿಮ್ಮಿಗಳನ್ನು ಕೊಟ್ಟು, ಎಂಜಿನ್ ಆರಿಸಿ, ಕೀಲಿಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಂಡಿರಬೇಕು.

ಕಡಿಯುವುದು

ಸ್ಕ್ರೇಪರ್ ಅಗೆಯುವ ಯಂತ್ರವಲ್ಲ, ಬಡಗಿಯ ಕೀಸುಳಿ ಮರವನ್ನು ಹೆರೆಯುವಂತೆ ನೆಲವನ್ನು ತೆಳುವಾಗಿ ಹೆರೆಯುವ ಯಂತ್ರ. ಇಳಿಜಾರಿಗೆ ನೇರವಾಗಿ, ಮೇಲಿನಿಂದ ಕೆಳಗೆ ಸಾಗುತ್ತ ಮಣ್ಣು ತುಂಬಿಕೊಳ್ಳಬೇಕು. ಆಗ ತೂಕವೇ ನೆರವಾಗುತ್ತದೆ, ಬ್ಲೇಡ್ ನೆಲದಲ್ಲಿದ್ದು ಭಾರವನ್ನು ಹಿಡಿದಿರುತ್ತದೆ. 2 ಮೀಟರ್ ಅಗಲದ ಬ್ಲೇಡಿನಿಂದ 5 ಸೆಂಟಿಮೀಟರ್ ಆಳಕ್ಕೆ ಹೆರೆದರೆ 2 ಘನ ಮೀಟರ್ ಬೌಲ್ ಸುಮಾರು 16 ಮೀಟರಿನಲ್ಲಿ ತುಂಬುತ್ತದೆ. ಬೇಗ ತುಂಬಲೆಂದು ಆಳ ಹೆಚ್ಚಿಸಿದರೆ ಚಕ್ರ ಜಾರುತ್ತದೆ, ನೆಲ ಅಲೆಯಲೆಯಾಗುತ್ತದೆ, ಗೂಟದ ಮಟ್ಟ ಕೈತಪ್ಪುತ್ತದೆ. ಗಟ್ಟಿ ಜಂಬಿಟ್ಟಿಗೆ (ಮುರಕಲ್ಲು) ಸಿಕ್ಕಿದರೆ ಬ್ಲೇಡನ್ನು ಒತ್ತಿ ಹಿಡಿಯುವ ಬದಲು ಮೊದಲು ಕಲ್ಟಿವೇಟರ್ ಅಥವಾ ರಿಪ್ಪರ್ ಹೊಡೆದು ಸಡಿಲಿಸಿಕೊಳ್ಳಬೇಕು. ಬೌಲಿನ ಕೊನೆಯ ಒಂದಿಷ್ಟು ಜಾಗ ತುಂಬಲು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಮತ್ತು ಡೀಸೆಲ್ ಬೇಕಾಗುವುದರಿಂದ, ಟ್ರಾಕ್ಟರಿನ ದನಿ ಭಾರವಾದೊಡನೆ ಬೌಲ್ ಎತ್ತಿ ಹೊರಡುವುದು ಒಳ್ಳೆಯದು.

ಪಕ್ಕಪಕ್ಕದ ಎರಡು ಪಟ್ಟಿಗಳ ನಡುವೆ ಬ್ಲೇಡಿನ ಅರ್ಧ ಅಗಲದಷ್ಟು ದಿಂಡನ್ನು ಉಳಿಸಿ, ಮೂರನೆಯ ಸುತ್ತಿನಲ್ಲಿ ಆ ದಿಂಡಿನ ಮೇಲೆ ಹಾದರೆ ಬೌಲ್ ಸುಲಭವಾಗಿ ತುಂಬುತ್ತದೆ. ಬರೆಯ ಪಕ್ಕದಲ್ಲಿ ಕಡಿಯುವಾಗ ಬರೆಗೆ ತಾಗಿದ ಅಂಚನ್ನು ನಡುಭಾಗಕ್ಕಿಂತ ಸ್ವಲ್ಪ ತಗ್ಗಾಗಿ ಇಟ್ಟುಕೊಂಡು ಹೋಗಬೇಕು. ಆಗ ಯಂತ್ರ ಕೆಳಬದಿಗೆ ವಾಲದೆ ಒಳಬದಿಗೇ ವಾಲಿರುತ್ತದೆ, ಬರೆಯ ಓರೆಯೂ ನಕ್ಷೆಯಂತೆ ಬರುತ್ತದೆ. ಬುಡವನ್ನು ಕೊರೆದು ಮೇಲಿನ ಮಣ್ಣನ್ನು ನೇತಾಡಲು ಬಿಡುವುದು ಕೊಲೆಗಡುಕ ಅಭ್ಯಾಸ. ಬರೆಯ ನೆತ್ತಿಯಲ್ಲಿ ಬಿರುಕು ಕಂಡರೆ, ಒಣಗಿದ್ದ ಬರೆಯಿಂದ ನೀರು ಒಸರತೊಡಗಿದರೆ, ಮೇಲಿನ ಮರ ವಾಲಿದಂತೆ ತೋರಿದರೆ, ಜನರನ್ನೂ ಯಂತ್ರವನ್ನೂ ತಕ್ಷಣ ದೂರ ಸರಿಸಿ ಎಂಜಿನಿಯರಿಗೆ ತಿಳಿಸಬೇಕು.

ತುಂಬಿದ ಬೌಲಿನೊಂದಿಗೆ ಇಳಿಯುವುದು

ಇಡೀ ಕೆಲಸದಲ್ಲಿ ಅತ್ಯಂತ ಎಚ್ಚರ ಬೇಕಾದ ಹಂತ ಇದು. ಇಳಿಯುವ ಮುನ್ನವೇ, ಮೇಲಿನ ಸಮತಟ್ಟಿನಲ್ಲೇ, ತಗ್ಗಿನ ಗೇರ್ ಹಾಕಿಕೊಳ್ಳಬೇಕು. ಅದೇ ಏರನ್ನು ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಇಳಿಜಾರಿನ ನಡುವೆ ಗೇರ್ ಬದಲಿಸಲು ಕ್ಲಚ್ ಒತ್ತಿದ ಕ್ಷಣ ಎಂಜಿನ್ನಿನ ಹಿಡಿತ ತಪ್ಪಿ 4 ಟನ್ ಭಾರ ಟ್ರಾಕ್ಟರನ್ನು ದೂಡತೊಡಗುತ್ತದೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಸೀಟಿನಿಂದ ಇಳಿಸುವುದೇ ಸರಿ.

ಬೌಲನ್ನು ನೆಲದಿಂದ 20–30 ಸೆಂಟಿಮೀಟರ್ ಎತ್ತರದಲ್ಲಷ್ಟೇ ಹಿಡಿದು ಸಾಗಬೇಕು. ತಗ್ಗಾಗಿದ್ದಷ್ಟೂ ಯಂತ್ರ ಉರುಳುವ ಸಂಭವ ಕಡಿಮೆ, ಮತ್ತು ಭಾರ ದೂಡತೊಡಗಿದರೆ ಬೌಲನ್ನು ಇಳಿಸಿ ಬ್ಲೇಡನ್ನೇ ಲಂಗರಿನಂತೆ ಬಳಸಬಹುದು. ಸ್ಕ್ರೇಪರ್ ಪಕ್ಕಕ್ಕೆ ಬಂದು ಟ್ರಾಕ್ಟರಿನೊಂದಿಗೆ ಮಡಚಿಕೊಳ್ಳುವ ಲಕ್ಷಣ ಕಂಡಾಗ ಟ್ರಾಕ್ಟರಿನ ಬ್ರೇಕನ್ನು ಗಕ್ಕನೆ ಒತ್ತುವುದು ಸಹಜವಾದ ಪ್ರತಿಕ್ರಿಯೆ, ಆದರೆ ಅದು ಮಡಚುವಿಕೆಯನ್ನು ಹೆಚ್ಚಿಸುತ್ತದೆ. ಬ್ರೇಕ್ ಸಡಿಲಿಸಿ, ಸ್ಟೇರಿಂಗ್ ನೇರ ಹಿಡಿದು, ಬೌಲನ್ನು ನೆಲಕ್ಕೆ ತಾಗಿಸಬೇಕು. ಈ ಕ್ರಮವನ್ನು ಖಾಲಿ ಬೌಲಿನೊಂದಿಗೆ ಸಮತಟ್ಟು ನೆಲದಲ್ಲಿ ಕೈಗೆ ರೂಢಿಯಾಗುವಷ್ಟು ಅಭ್ಯಾಸ ಮಾಡಿಸದೆ ಹೊಸಬರಿಗೆ ಇಳಿಜಾರಿನ ಕೆಲಸ ಕೊಡಬಾರದು.

ಸಾಗಣೆಯ ದಾರಿ ಒಮ್ಮುಖವಾಗಿರಲಿ: ತುಂಬಿದ ಯಂತ್ರ ಒಂದು ಕಡೆ ಇಳಿದು, ಖಾಲಿಯಾದದ್ದು ಇನ್ನೊಂದು ಕಡೆ ಏರಲಿ. ತಿರುವುಗಳನ್ನು ಸಮತಟ್ಟಿನಲ್ಲೇ ಇಟ್ಟುಕೊಳ್ಳಬೇಕು, ಇಳಿಜಾರಿಗೆ ಅಡ್ಡಲಾಗಿ ತಿರುಗಬಾರದು. ಮೂಕಿಯ ಮೇಲೆ, ಮಡ್ಗಾರ್ಡಿನ ಮೇಲೆ, ಬೌಲಿನ ಅಂಚಿನಲ್ಲಿ ಯಾರನ್ನೂ ಕೂರಿಸಬಾರದು. ಮೇಸ್ತ್ರಿಯಾಗಲಿ ಜಾಗದ ಯಜಮಾನರಾಗಲಿ, ವಿನಾಯಿತಿ ಇಲ್ಲ. ಕೈಸನ್ನೆ ಕೊಡುವವರು ಒಬ್ಬರೇ ಇರಬೇಕು, ಅವರು ಆಪರೇಟರಿಗೆ ಕಾಣುವ ಕಡೆಯೇ ನಿಂತಿರಬೇಕು. ಅವರು ಕಣ್ಮರೆಯಾದರೆ ಯಂತ್ರ ನಿಲ್ಲಬೇಕು. ಶಾಲೆಯ ಮೈದಾನವಾದರೆ ಮಕ್ಕಳು ಬರುವ, ಬಿಡುವ ಹೊತ್ತಿಗೆ ಕೆಲಸವನ್ನೇ ನಿಲ್ಲಿಸುವುದು ಹಗ್ಗ ಕಟ್ಟಿ ಕಾಯುವುದಕ್ಕಿಂತ ಮೇಲು.

ಹಾಸುವುದು ಮತ್ತು ಕೊನೆಯ ಮಟ್ಟ

ತುಂಬುವ ಬದಿಯಲ್ಲಿ ಸಾಗುತ್ತಲೇ ಮಣ್ಣನ್ನು ಬಿಡಬೇಕು. ಒಂದೇ ಕಡೆ ರಾಶಿ ಸುರಿದು ಆಮೇಲೆ ಹರಡುವುದು ಎರಡು ಕೆಲಸ. ಸಡಿಲ ಪದರ 15 ಸೆಂಟಿಮೀಟರ್ ಮೀರಬಾರದು, ಪ್ರತಿ ಪದರಕ್ಕೂ ರೋಲರ್ ಓಡಬೇಕು. ಟ್ರಾಕ್ಟರ್ ಚಕ್ರದ ತುಳಿತವನ್ನೇ ಗಟ್ಟಿಗೊಳಿಸುವಿಕೆ ಎಂದುಕೊಂಡವರ ಅಂಗಳ ಮೊದಲ ಮಳೆಗಾಲದಲ್ಲೇ ಬಾಯಿ ಬಿಡುತ್ತದೆ. ಮಣ್ಣಿನ ಹದ ನೋಡಲು ಒಂದು ಹಿಡಿ ಹಿಂಡಿದರೆ ಸಾಕು: ಉಂಡೆ ಕಟ್ಟಬೇಕು, ಎದೆಯೆತ್ತರದಿಂದ ಬಿಟ್ಟಾಗ ಒಡೆಯಬೇಕು. ಪುಡಿಯಾಗಿಯೇ ಉಳಿದರೆ ನೀರು ಚಿಮುಕಿಸಬೇಕು, ಕೈಗೆ ಅಂಟಿದರೆ ಆರಲು ಬಿಡಬೇಕು.

ಇಳಿಜಾರಿನ ಮೇಲೆ ತುಂಬುವಾಗ ಹಳೆಯ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಹೊಸ ಮಣ್ಣು ಕೂರಲು ಹಿಡಿತ ಮಾಡಿಕೊಡಬೇಕು. ತುಂಬಿದ ದಿಬ್ಬದ ಹೊರ ಅಂಚನ್ನು ಕೆಲಸದುದ್ದಕ್ಕೂ ಒಳಭಾಗಕ್ಕಿಂತ ಎತ್ತರದಲ್ಲಿ ಇಟ್ಟರೆ ಯಂತ್ರ ಅಂಚಿನ ಕಡೆಗೆ ಜಾರುವುದಿಲ್ಲ. ಆದರೆ ಸಂಜೆ ಕೆಲಸ ಬಿಡುವ ಮುನ್ನ ಮೋಡ ಕಟ್ಟಿದ್ದರೆ ಆ ತಗ್ಗಿನಲ್ಲಿ ನೀರು ನಿಲ್ಲದಂತೆ ಗಟ್ಟಿ ನೆಲದ ಕಡೆಗೆ ಹೊರದಾರಿ ತೆಗೆದು, ಸಡಿಲ ಮಣ್ಣಿನ ಮೇಲೆ ರೋಲರ್ ಹಾಯಿಸಿ ಮೈ ಮುಚ್ಚಿಸಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಒಂದೇ ರಾತ್ರಿಯಲ್ಲಿ ಇಡೀ ವಾರದ ತುಂಬುವಿಕೆಯನ್ನು ಕೆಸರು ಮಾಡಬಲ್ಲದು. ಕೆಸರಾದ ಪದರವನ್ನು ಹೆರೆದು ತೆಗೆದ ಮೇಲೆಯೇ ಮುಂದಿನ ಪದರ ಹಾಕಬೇಕು.

ಗೂಟದ ಮಟ್ಟಕ್ಕೆ 3 ಸೆಂಟಿಮೀಟರ್ ಬಾಕಿ ಇರುವಾಗ ದಪ್ಪ ಕೆಲಸವನ್ನು ನಿಲ್ಲಿಸಿ, ಮತ್ತೊಮ್ಮೆ ಎಲ್ಲ ಚೌಕಗಳ ಮಟ್ಟ ಓದಿಕೊಳ್ಳಬೇಕು. ಲೇಸರ್ ಉಪಕರಣವಿದ್ದರೆ ಮುಕ್ಕಾಲಿಯ ಮೇಲಿನ ದೀಪ ಸುತ್ತುತ್ತ ಕೊಡುವ ಮಟ್ಟವನ್ನು ಸ್ಕ್ರೇಪರಿನ ಕಂಬದ ಮೇಲಿನ ಗ್ರಾಹಕ ಹಿಡಿದು ಬ್ಲೇಡನ್ನು ತಾನೇ ಏರಿಳಿಸುತ್ತದೆ. ಆದರೆ ಮುಕ್ಕಾಲಿ ಗಾಳಿಗೆ ಅಲುಗಿದರೆ ಅಥವಾ ಸಡಿಲ ಮಣ್ಣಿನಲ್ಲಿ ಕುಸಿದರೆ ಇಡೀ ಮೈದಾನ ಆ ತಪ್ಪನ್ನು ಅನುಸರಿಸುತ್ತದೆ. ಬೆಳಿಗ್ಗೆ ಮತ್ತು ಮಧ್ಯಾಹ್ನ ಒಮ್ಮೊಮ್ಮೆ ಆಧಾರ ಬಿಂದುವಿನೊಂದಿಗೆ ತಾಳೆ ನೋಡುವುದನ್ನು ಬಿಡಬಾರದು. ಮೈದಾನವನ್ನು ತೀರಾ ಸಪಾಟಾಗಿ ಬಿಡದೆ ನಡುವಿನಿಂದ ಎರಡೂ ಬದಿಗೆ 100ಕ್ಕೆ 1ರಂತೆ ಇಳಿಸಬೇಕು. 60 ಮೀಟರ್ ಅಗಲದಲ್ಲಿ ನಡುಭಾಗ ಅಂಚಿಗಿಂತ 30 ಸೆಂಟಿಮೀಟರ್ ಎತ್ತರವಿರುತ್ತದೆ. ಆಡುವವರಿಗೆ ಅದು ತಿಳಿಯದು, ನೀರಿಗೆ ತಿಳಿಯುತ್ತದೆ.

ದಿನದ ಕೊನೆಯಲ್ಲಿ ಯಂತ್ರವನ್ನು ಬರೆಯ ಬುಡದಲ್ಲಾಗಲಿ, ತುಂಬಿದ ಅಂಚಿನಲ್ಲಾಗಲಿ ನಿಲ್ಲಿಸದೆ ಗಟ್ಟಿ ಸಮನೆಲದಲ್ಲಿ ನಿಲ್ಲಿಸಿ, ಬೌಲ್ ಮತ್ತು ಏಪ್ರನ್ ನೆಲಕ್ಕಿಳಿಸಿ, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಲಿವರುಗಳನ್ನು ಆಡಿಸಿ ಹೈಡ್ರಾಲಿಕ್ ಒತ್ತಡ ಬಿಡಿಸಬೇಕು. ಕೆಲಸ ಪೂರ್ತಿ ಮುಗಿದ ಮೇಲೆ, ಯಂತ್ರವನ್ನು ಕಳುಹಿಸುವ ಮುನ್ನ, ಬರೆಯ ನೆತ್ತಿಯ ಹಿಂದೆ ನೀರು ತಡೆಯುವ ಕಾಲುವೆ, ಬುಡದಲ್ಲಿ ಇನ್ನೊಂದು ಕಾಲುವೆ, ಎರಡಕ್ಕೂ ತೋಡಿನವರೆಗೆ ಕಲ್ಲು ಹಾಸಿದ ಹೊರದಾರಿ ಆಗಿರಬೇಕು. ಬೋಳಾದ ಓರೆಗಳ ಮೇಲೆ ತೆಗೆದಿಟ್ಟ ಕಪ್ಪು ಮಣ್ಣನ್ನು ತೆಳುವಾಗಿ ಹರಡಿ ಹುಲ್ಲು ನೆಡಿಸಿರಬೇಕು. ಜೂನ್ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ಆ ಹುಲ್ಲು ಬೇರು ಬಿಟ್ಟಿರಬೇಕಾದ್ದರಿಂದ ಏಪ್ರಿಲ್ ಕೊನೆಯೊಳಗೆ ಸ್ಕ್ರೇಪರ್ ಕೆಲಸ ಮುಗಿಯುವಂತೆ ದಿನಗಳನ್ನು ಹಿಂದಿನಿಂದ ಎಣಿಸಿಕೊಂಡು ಆರಂಭಿಸಬೇಕು.